ಬಂದೂಕಿನ ನಳಿಗೆಗೆ ಸೀಸ ಮೆತ್ತುವುದೇಕೆ? ಮೊದಲು ಅಳತೆ, ಆಮೇಲೆ ಗಡಸು

ಮಲ್ಪೆಯಿಂದ ತಂದ ಬಲೆಯ ಸೀಸದ ಮಣಿ ಮತ್ತು ಹಳೆಯ ಮುದ್ರಣಾಲಯದ ಅಚ್ಚುಮೊಳೆ, ಎರಡೂ ನನ್ನ ಮೇಜಿನ ಮೇಲಿವೆ. ಮಣಿಯನ್ನು ಉಗುರಿನಿಂದ ಗೀರಿದರೆ ಹೊಳೆಯುವ ಗೆರೆ ಮೂಡುತ್ತದೆ. ಮೊಳೆಯ ಮೇಲೆ ಉಗುರು ಜಾರುತ್ತದೆ. ಎರಡರಲ್ಲೂ ಹೆಚ್ಚಿನ ಪಾಲು ಸೀಸವೇ, ಆದರೆ ಮೊಳೆಗೆ ಆಂಟಿಮನಿ (ಸೀಸವನ್ನು ಗಡಸಾಗಿಸುವ ಒಂದು ಧಾತು) ಮತ್ತು ತವರ ಬೆರೆತಿವೆ. 1841ರಲ್ಲೇ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾದ ಮಂಗಳೂರಿನಲ್ಲಿ ಮಿಶ್ರಲೋಹದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. (ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.)

ಅಮೆರಿಕದಲ್ಲಿ ಹವ್ಯಾಸಿಗಳು ಕೈಬಂದೂಕಿಗೆ ಸೀಸದ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಹಾಗಾಗಿ ನಮಗಿದು ಲೋಹಶಾಸ್ತ್ರದ ಲೆಕ್ಕ ಮಾತ್ರ. ಗುಂಡು ಹಾದುಹೋಗುವಾಗ ನಳಿಗೆಯೊಳಗೆ ಸೀಸ ಮೆತ್ತಿಕೊಂಡರೆ ಹೆಚ್ಚಿನವರು ‘ಲೋಹ ಮೆದುವಾಯಿತು, ಗಡಸು ಮಾಡೋಣ’ ಎನ್ನುತ್ತಾರೆ. ನಾನೂ ಮೊದಲು ಹಾಗೆಯೇ ಬರೆದುಕೊಂಡಿದ್ದೆ. ಅದು ತಪ್ಪು.

ಮೊದಲ ಆರೋಪಿ ಅಳತೆ. ನಳಿಗೆಯೊಳಗೆ ಗುಂಡನ್ನು ತಿರುಗಿಸಲು ಕೊರೆದ ಸುರುಳಿ ತೋಡುಗಳ ವ್ಯಾಸಕ್ಕಿಂತ ಗುಂಡು ಸುಮಾರು 0.025 ಮಿ.ಮೀ. ದಪ್ಪಗಿರಬೇಕು ಎಂಬುದು ರೂಢಿಯ ನಿಯಮ. ಗುಂಡು ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ, ಸೀಸವನ್ನು ಕೊರೆದು ಮುಂದಿನ ಉಕ್ಕಿಗೆ ಬಳಿಯುತ್ತದೆ. ಸೈಕಲ್ ಪಂಪಿನ ಚರ್ಮದ ವಾಷರ್ ನೆನಪಿಸಿಕೊಳ್ಳಿ: ಒತ್ತಿದಾಗ ಅಂಚು ಅರಳಿ ಗಾಳಿಯನ್ನು ತಡೆಯುತ್ತದೆ, ಒಣಗಿ ಬಿರುಸಾದರೆ ಗಾಳಿ ಸೋರುತ್ತದೆ. ಮೆದು ಗುಂಡಿನ ಬುಡವೂ ಒತ್ತಡಕ್ಕೆ ಹಾಗೆಯೇ ಹಿಗ್ಗುತ್ತದೆ. ಕಡಿಮೆ ಒತ್ತಡದಲ್ಲಿ ಅತಿ ಗಡಸು ಗುಂಡು ಹಿಗ್ಗುವುದಿಲ್ಲ; ಆಗ ಗಡಸು ಮಾಡಿದಷ್ಟೂ ಮೆತ್ತುವುದು ಹೆಚ್ಚಬಹುದು. ಶುದ್ಧ ಸೀಸದ ಬ್ರಿನೆಲ್ ಗಡಸುತನ (ಅಂಕಿ ಹೆಚ್ಚಿದಷ್ಟೂ ಲೋಹ ಗಡಸು) ಸುಮಾರು 5. ನೂರರಲ್ಲಿ 90 ಸೀಸ, 5 ತವರ, 5 ಆಂಟಿಮನಿ ಇದ್ದರೆ ಸುಮಾರು 15. ಸಾಲುಸಾಲಾಗಿ ಅಕ್ಷರ ಎರಕ ಹೊಯ್ಯುವ ಲೈನೋಟೈಪ್ ಯಂತ್ರದ ಲೋಹಕ್ಕೆ ಸುಮಾರು 22.

ಇನ್ನು ನನ್ನನ್ನು ಬಹಳ ದಿನ ಕಾಡಿದ ಗೊಂದಲ. ‘ಮೆದು ಸೀಸಕ್ಕೆ ಬದಲಿಸಿದೆ, ಮೆತ್ತತೊಡಗಿತು’ ಎಂಬ ಅನುಭವ ಸುಳ್ಳಲ್ಲ. ಆದರೆ ಆಂಟಿಮನಿ ಬೆರೆತ ಸೀಸ ತಣಿಯುವಾಗ ಕಡಿಮೆ ಕುಗ್ಗುತ್ತದೆ. ಅಕ್ಷರದ ಅಂಚು ಚೂಪಾಗಿ ಬರಲೆಂದು ಅಚ್ಚುಮೊಳೆಗೆ ಅದನ್ನು ಬೆರೆಸಲು ಇದೂ ಒಂದು ಕಾರಣ. ಅದೇ ಅಚ್ಚಿನಲ್ಲಿ ಶುದ್ಧ ಸೀಸ ಹೊಯ್ದರೆ ಗುಂಡು ಕೊಂಚ ಸಣ್ಣದಾಗುತ್ತದೆ. ಅಂದರೆ ಅಲ್ಲಿ ಗಡಸುತನದ ಜೊತೆಗೆ ವ್ಯಾಸವೂ ಬದಲಾಗಿದೆ. ವ್ಯಾಸ ಅಳೆಯುವ ಒಳ್ಳೆಯ ವರ್ನಿಯರ್ ಕ್ಯಾಲಿಪರ್ ತೋರಿಸಬಲ್ಲ ಅತಿ ಸಣ್ಣ ಅಳತೆಯೇ 0.02 ಮಿ.ಮೀ., ನಾವು ಹುಡುಕುವ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಇಲ್ಲದೆ ಮಾತಾಡಬಾರದು.

ನಳಿಗೆಯಲ್ಲಿ ಸೀಸದ ಕಲೆ ಎಲ್ಲಿದೆ ಎಂಬುದು ಒಳ್ಳೆಯ ಸುಳಿವು. ಗುಂಡು ಒಳಹೋಗುವ ತುದಿಯಲ್ಲೇ ದಟ್ಟವಾಗಿದ್ದರೆ ಅಳತೆಯನ್ನು ಶಂಕಿಸಿ. ಗುಂಡು ಹೊರಬೀಳುವ ಬಾಯಿಯ ಕಡೆ ಮಾತ್ರ ಇದ್ದರೆ, ಗುಂಡಿಗೆ ಸವರಿದ ಜೇನುಮೇಣದಂಥ ಜಾರುಮೇಣ ದಾರಿಯಲ್ಲೇ ಮುಗಿದಿರಬಹುದು. ರಿವಾಲ್ವರಿನಲ್ಲಿ ಇನ್ನೊಂದು ತೊಡಕಿದೆ: ಗುಂಡುಗಳನ್ನು ತುಂಬುವ ತಿರುಗುವ ಕೋಣೆಯ ಬಾಯಿ ಕಿರಿದಾಗಿದ್ದರೆ ಸರಿಯಾದ ಗುಂಡನ್ನೂ ಅದು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ.

ಮೆತ್ತಿದ್ದನ್ನು ತೆಗೆಯಲು ಕಂಚಿನ ಬ್ರಷ್ಷಿಗೆ ತಾಮ್ರದ ಎಳೆ ಸುತ್ತಿ ಉಜ್ಜುತ್ತಾರೆ. ಸೀಸ ಬೂದು ಚಕ್ಕೆಗಳಾಗಿ ಉದುರುತ್ತದೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರಿಂದ ಹುಟ್ಟುವುದು ಸೀಸದ ಅಸಿಟೇಟ್: ನೀರಿನಲ್ಲಿ ಕರಗುವ, ಚರ್ಮದ ಮೂಲಕವೂ ಮೈಸೇರಬಲ್ಲ ವಿಷ.