ಈ ಗೋಪುರಗಳು ಕಾವಲಿನವಲ್ಲ

ಅನಟೋಲಿಯಾದಲ್ಲಿ, ಅಂದರೆ ಈಗಿನ ಟರ್ಕಿಯ ಏಷ್ಯಾ ಭಾಗದಲ್ಲಿ, ಸೆಲ್ಜುಕ್ ತುರ್ಕರ ಕಾಲದ ಕಾರವಾನ್ ಸರಾಯಿಗಳ (ವ್ಯಾಪಾರಿ ತಂಡಗಳು ತಂಗುತ್ತಿದ್ದ ಛತ್ರಗಳ) ಫೋಟೊ ನೋಡಿದವರೆಲ್ಲ ‘ಕೋಟೆ’ ಎಂದುಬಿಡುತ್ತಾರೆ. ಎತ್ತರದ ಗೋಡೆ, ಒಂದೇ ಬಾಗಿಲು, ಕಿಟಕಿಯ ಬದಲು ಸೀಳುಗಿಂಡಿ, ಗೋಡೆಗುಂಟ ಗೋಪುರಗಳ ಸಾಲು. ಕಳ್ಳಕಾಕರ ಭಯ ಇದ್ದದ್ದು ನಿಜ, ರಾತ್ರಿ ಬಾಗಿಲು ಭದ್ರವಾಗಿ ಮುಚ್ಚುತ್ತಿದ್ದದ್ದೂ ನಿಜ. ಆದರೆ ಆ ಗೋಪುರಗಳಲ್ಲಿ ಬಹುಪಾಲಿನ ಒಳಗೆ ಜಾಗವೇ ಇಲ್ಲ, ಪೂರ್ತಿ ಕಲ್ಲು ತುಂಬಿದೆ. ಹತ್ತಲು ಮೆಟ್ಟಿಲಿಲ್ಲದ ಗೋಪುರದಲ್ಲಿ ಕಾವಲುಗಾರ ಎಲ್ಲಿ ನಿಲ್ಲಬೇಕು? ಅವುಗಳ ಕೆಲಸವೇನಿದ್ದರೂ ಒಳಗಿನ ಚಾವಣಿಗೆ ಸಂಬಂಧಿಸಿದ್ದು.

ಕೊನ್ಯಾದಲ್ಲಿ ರಾಜಧಾನಿ ಇಟ್ಟುಕೊಂಡಿದ್ದ ಸೆಲ್ಜುಕರು 1207ರಲ್ಲಿ ಮೆಡಿಟರೇನಿಯನ್ ದಡದ ಅಂತಾಲ್ಯವನ್ನೂ 1214ರಲ್ಲಿ ಕಪ್ಪು ಸಮುದ್ರದ ಸಿನೋಪನ್ನೂ ಗೆದ್ದರು. ಎರಡು ಕಡಲು ಕೈಗೆ ಬಂದ ಮೇಲೆ ನಡುವಿನ ದಾರಿಯಲ್ಲಿ ಸರಕು ಓಡಾಡಬೇಕಲ್ಲ. ಸರಕು ಹೊತ್ತ ಒಂಟೆ ದಿನಕ್ಕೆ ಮೂವತ್ತು–ನಲವತ್ತು ಕಿಲೋಮೀಟರ್ ನಡೆಯುತ್ತದೆ; ಮುಖ್ಯ ದಾರಿಗಳಲ್ಲಿ ಹೆಚ್ಚುಕಡಿಮೆ ಅಷ್ಟು ಅಂತರದೊಳಗೇ ಒಂದೊಂದು ‘ಹಾನ್’, ಅಂದರೆ ಕಾರವಾನ್ ಸರಾಯಿ, ಎದ್ದಿತು. ಕೊನ್ಯಾ–ಅಕ್ಸರಾಯ್ ದಾರಿಯ ಸುಲ್ತಾನ್ ಹಾನ್ ಇವುಗಳಲ್ಲೆಲ್ಲ ದೊಡ್ಡದು. ಸುಲ್ತಾನ ಒಂದನೆಯ ಅಲಾವುದ್ದೀನ್ ಕೈಕುಬಾದ್ 1229ರಲ್ಲಿ ಕಟ್ಟಿಸಿದ್ದು, ವಿಸ್ತೀರ್ಣ ಸುಮಾರು 4,900 ಚದರ ಮೀಟರ್. ಸುಮಾರು 13 ಮೀಟರ್ ಎತ್ತರದ ಹೆಬ್ಬಾಗಿಲು ದಾಟಿದರೆ ಅಂಗಳ, ಅದರ ಮಧ್ಯೆ ನಾಲ್ಕು ಕಮಾನುಗಳ ಮೇಲೆ ಕೂತ ಪುಟ್ಟ ಮಸೀದಿ, ಹಿಂದೆ ಚಳಿಗಾಲಕ್ಕೆಂದು ಚಾವಣಿ ಹೊದಿಸಿದ ದೊಡ್ಡ ಹಜಾರ.

ಸ್ವಾರಸ್ಯವೆಲ್ಲ ಈ ಹಜಾರದಲ್ಲಿದೆ. ಚಾವಣಿಯಲ್ಲಿ ತೊಲೆಗಳಿಲ್ಲ, ಎಲ್ಲವೂ ಕಲ್ಲಿನ ಕಮಾನು. ಕಮಾನು ತನ್ನ ಭಾರವನ್ನು ನೇರ ಕೆಳಕ್ಕಷ್ಟೇ ಇಳಿಸುವುದಿಲ್ಲ, ಬುಡವನ್ನು ಪಕ್ಕಕ್ಕೂ ತಳ್ಳುತ್ತದೆ. ಎರಡು ಇಸ್ಪೀಟು ಎಲೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ತುದಿಯನ್ನು ಮೆಲ್ಲಗೆ ಒತ್ತಿ: ಬುಡ ಜಾರುತ್ತದೆ. ಅಂಥ ಜೋಡಿಗಳನ್ನು ಬುಡಕ್ಕೆ ಬುಡ ತಾಗಿಸಿ ಸಾಲಾಗಿ ಇಟ್ಟರೆ ನಡುವಿನವು ಒಂದನ್ನೊಂದು ತಡೆದು ನಿಲ್ಲುತ್ತವೆ, ಸಾಲಿನ ಎರಡು ತುದಿಗಳು ಮಾತ್ರ ಜಾರುತ್ತವೆ. ಹಜಾರದಲ್ಲೂ ಅಷ್ಟೆ. ಅಕ್ಕಪಕ್ಕದ ಕಮಾನುಗಳು ಒಂದೇ ಕಂಬದ ಮೇಲೆ ಎದುರುಬದುರು ತಳ್ಳಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ಕೊನೆಯ ಕಮಾನಿನ ತಳ್ಳು ಮಾತ್ರ ಹೊರಗೋಡೆಯ ಪಾಲಿಗೆ ಉಳಿಯುತ್ತದೆ. ಗೋಪುರ ಗೋಡೆಗೆ ಆತುಕೊಂಡು ನಿಂತಿರುವುದು ಅದಕ್ಕಾಗಿ. ದುಂಡಗೆ, ಚೌಕ, ನಕ್ಷತ್ರ, ಆಕಾರ ಯಾವುದಾದರೂ ಇರಲಿ, ಬೇಕಿರುವುದು ತೂಕ.

ಕಮಾನಿನ ತುದಿ ಚೂಪಾಗಿರುವುದೂ ಬರೀ ಅಂದಕ್ಕಲ್ಲ. ಹರವು 6 ಮೀಟರ್, ಎತ್ತರ 3 ಮೀಟರ್ ಇರುವ ಕಮಾನನ್ನು 4 ಮೀಟರಿಗೆ ಏರಿಸಿದರೆ, ಮೇಲಿನ ಭಾರ ಅಷ್ಟೇ ಇದ್ದಲ್ಲಿ, ಪಕ್ಕಕ್ಕೆ ತಳ್ಳುವ ಬಲ ಸುಮಾರು ಕಾಲುಭಾಗ ತಗ್ಗುತ್ತದೆ. ಕಟ್ಟುವಾಗ ಮರದ ಅಚ್ಚಿನ ಮೇಲೆ ಎರಡೂ ಬದಿಯಿಂದ ಸಮಸಮವಾಗಿ ಕಲ್ಲು ಏರಿಸುತ್ತ ಬರಬೇಕು. ಒಂದು ಬದಿ ಮುಂದೋಡಿದರೆ ಅಚ್ಚೇ ವಾಲುತ್ತದೆ. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವಂಥದ್ದು. ಅವಸರಪಟ್ಟು ಅಚ್ಚು ತೆಗೆದರೆ ಸಂದುಗಳು ಹಿಸುಕಿಕೊಂಡು ನೆತ್ತಿ ಕುಸಿಯುತ್ತದೆ.

ಒಳಗೆ ಜನ ಎತ್ತರದ ಕಲ್ಲುಜಗಲಿಗಳ ಮೇಲೆ, ಪ್ರಾಣಿಗಳು ಕೆಳಗೆ. ವಿಶ್ರಾಂತಿಯಲ್ಲಿರುವ ಒಂದು ಕುದುರೆಯೂ ನೂರಾರು ವಾಟ್ ಶಾಖ ಬಿಡುತ್ತದೆ, ಹಾಗಾಗಿ ಹಿಮ ಬೀಳುವ ರಾತ್ರಿ ಲಾಯವೇ ಒಲೆ. ಜತೆಗೆ ಉಸಿರಿನ ತೇವ, ಗಂಜಲದ ಘಾಟು, ದೀಪದ ಹೊಗೆ. ಇವು ಹೊರಹೋಗಲೆಂದು ಹಜಾರದ ನಡುಭಾಗದ ನೆತ್ತಿಯಲ್ಲಿ ಕಿಟಕಿಗಳಿರುವ ಗುಮ್ಮಟ ಇಟ್ಟರು. ಬಿಸಿಗಾಳಿ ತಾನಾಗಿ ಮೇಲೇರಿ ಅಲ್ಲಿಂದ ಹೊರಬೀಳುತ್ತದೆ, ಬೆಳಕೂ ಅಲ್ಲಿಂದಲೇ ಇಳಿಯುತ್ತದೆ.

ಇದನ್ನೆಲ್ಲ ನಡೆಸಲು ದುಡ್ಡು ಎಲ್ಲಿಂದ? ವಕ್ಫ್‌ನಿಂದ, ಅಂದರೆ ಧರ್ಮಕಾರ್ಯಕ್ಕೆಂದು ಬಿಟ್ಟುಕೊಟ್ಟ ಆಸ್ತಿಯ ಆದಾಯದಿಂದ. ಗುಲಾಮನಾಗಿ ಬಂದು ರಾಜ್ಯದ ಅತಿ ದೊಡ್ಡ ಅಧಿಕಾರಿಗಳಲ್ಲಿ ಒಬ್ಬನಾದ ಜಲಾಲುದ್ದೀನ್ ಕರತಾಯ್ ಕೈಸೇರಿಯ ಹತ್ತಿರ ಕಟ್ಟಿಸಿದ ಹಾನಿನ ವಕ್ಫ್ ಪತ್ರ ಉಳಿದುಕೊಂಡಿದೆ. ಬಂದವರು ಮುಸ್ಲಿಮರಾಗಲಿ ಅಲ್ಲದವರಾಗಲಿ, ಗಂಡಾಗಲಿ ಹೆಣ್ಣಾಗಲಿ, ಸ್ವತಂತ್ರರಾಗಲಿ ಗುಲಾಮರಾಗಲಿ, ಎಲ್ಲರಿಗೂ ಒಂದೇ ಊಟ ಎಂದು ಅದರಲ್ಲಿ ಬರೆದಿದೆ. ಕಟ್ಟಿಸಿದವರೆಲ್ಲ ಗಂಡಸರೂ ಅಲ್ಲ: ತೊಕಾತ್ ಬಳಿಯ ಪಜಾರಿನ ಹಾನ್, ಕೈಕುಬಾದನ ರಾಣಿ ಮಹ್‌ಪೆರಿ ಖಾತೂನಳದು.

1243ರಲ್ಲಿ ಕೋಸೆದಾಗ್ ಕದನದಲ್ಲಿ ಸೆಲ್ಜುಕರು ಮಂಗೋಲರಿಗೆ ಸೋತ ಮೇಲೂ ಹಾನ್‌ಗಳು ಏಳುತ್ತಲೇ ಇದ್ದವು. ಬೆಂಕಿಗೆ ತುತ್ತಾಗಿದ್ದ ಸುಲ್ತಾನ್ ಹಾನ್ 1278ರಲ್ಲಿ ದುರಸ್ತಿಯಾಯಿತು. ಆಮೇಲಿನ ಶತಮಾನಗಳಲ್ಲಿ ಇಂಥ ಕಟ್ಟಡಗಳನ್ನು ಹಾಳುಮಾಡಿದ್ದರಲ್ಲಿ ನೀರಿನ ಪಾಲು ದೊಡ್ಡದು. ಗೋಡೆ ನೋಡಲು ಅಖಂಡವಾದರೂ ನಿಜಕ್ಕೆ ಮೂರು ಪದರ: ಎರಡು ಮುಖಕ್ಕೂ ನಯವಾಗಿ ಕೆತ್ತಿದ ಕಲ್ಲು, ನಡುವೆ ಜಲ್ಲಿ ಮತ್ತು ಸುಣ್ಣ. ಚಾವಣಿಯಿಂದ ಇಳಿದ ನೀರು ಈ ನಡುಪದರ ಸೇರಿ ಚಳಿಗೆ ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ವರ್ಷವರ್ಷವೂ ಹೀಗಾದರೆ ಜಲ್ಲಿ ಸಡಿಲಗೊಂಡು ಗೋಡೆ ಹೊಟ್ಟೆ ಬಿಡುತ್ತದೆ. ಊರವರು ಮನೆಗೆಂದು ಮುಖದ ಕಲ್ಲು ಕಿತ್ತಲ್ಲಿ ನೀರಿಗೆ ಇನ್ನೂ ಸುಲಭ. ಅಂಗಳದ ಕಮಾನುಸಾಲಿಗಂತೂ ಒಂದು ಪಕ್ಕ ಬಯಲು, ಎದುರು ತಳ್ಳಲು ಯಾರೂ ಇಲ್ಲ. ಅಕ್ಸರಾಯ್–ನೆವ್‌ಶೆಹಿರ್ ದಾರಿಯ ಆಲಾಯ್ ಹಾನಿನಲ್ಲಿ ಹಜಾರ ನಿಂತು ಅಂಗಳ ಬಿದ್ದುಹೋದದ್ದು ಕಾಕತಾಳೀಯವಲ್ಲ ಅನಿಸುತ್ತದೆ.

ಇಂಥ ಗೋಡೆಯ ದುರಸ್ತಿಗೆ ಸಿಮೆಂಟ್ ತಂದರೆ ಕೆಲಸ ಇನ್ನಷ್ಟು ಕೆಡುತ್ತದೆ. ಸುಣ್ಣದ ಸಂದಿನ ಮೂಲಕ ಆವಿಯಾಗುತ್ತಿದ್ದ ತೇವಕ್ಕೆ ಸಿಮೆಂಟ್ ಅಡ್ಡ ನಿಲ್ಲುತ್ತದೆ. ಆಗ ತೇವ ಕಲ್ಲಿನ ಮೈಯಿಂದಲೇ ಹೊರಬಂದು, ಕರಗಿದ್ದ ಲವಣವನ್ನು ಅಲ್ಲಿ ಹರಳುಗಟ್ಟಿಸಿ ಹೋಗುತ್ತದೆ. ಸಂದು ಗಟ್ಟಿಯಾಗಿ ಉಳಿಯುತ್ತದೆ, ಪಕ್ಕದ ಕಲ್ಲು ಪುಡಿಯಾಗಿ ಉದುರುತ್ತದೆ.