ಡಸ್ಟಿಂಗ್: ಕೇಳದೆ ಬಂದು ಬಿದ್ದ ಚಿಲ್ಲರೆ

ನಿಮ್ಮ ಬಿಟ್‌ಕಾಯಿನ್ ವಾಲೆಟ್ (ಈ ಡಿಜಿಟಲ್ ದುಡ್ಡನ್ನು ನೋಡಿಕೊಳ್ಳುವ ಆ್ಯಪ್) ತೆರೆದು ನೋಡುತ್ತೀರಿ. ಯಾರೋ 546 ಸತೋಶಿ ಹಾಕಿದ್ದಾರೆ. ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ. ಆ ಲೆಕ್ಕದಲ್ಲಿ ಇದು ಬರೀ ಧೂಳು, ಹಾಗಾಗಿಯೇ ಇದರ ಹೆಸರು ಡಸ್ಟ್. ಹೀಗೆ ಸಿಕ್ಕ ಸಿಕ್ಕ ವಾಲೆಟ್ ವಿಳಾಸಗಳಿಗೆಲ್ಲ (ಬ್ಯಾಂಕ್ ಖಾತೆ ಸಂಖ್ಯೆಯಂಥವು) ಧೂಳು ಎರಚುವ ಆಟಕ್ಕೆ ಡಸ್ಟಿಂಗ್ ಅನ್ನುತ್ತಾರೆ.

ಪುಕ್ಕಟೆ ದುಡ್ಡು ಬಂದರೆ ನಷ್ಟ ಏನು, ಅಲ್ವಾ? ಅದು ಬಿದ್ದಲ್ಲೇ ಬಿದ್ದಿದ್ದರೆ ಏನೂ ಇಲ್ಲ. ಅದರಿಂದ ನಿಮ್ಮ ಕೀಲಿಯೂ (ದುಡ್ಡು ಖರ್ಚು ಮಾಡಲು ಬೇಕಾದ ಗುಪ್ತ ಸಂಖ್ಯೆ) ಕಳುವಾಗುವುದಿಲ್ಲ. ಖರ್ಚು ಮಾಡಿದಾಗಲೇ ಗುಟ್ಟು ಹೊರಬೀಳುವುದು.

ಬಿಟ್‌ಕಾಯಿನ್ ವಾಲೆಟ್‌ನಲ್ಲಿ ದುಡ್ಡು ಒಂದೇ ರಾಶಿಯಾಗಿ ಇರುವುದಿಲ್ಲ. ಬಂದ ಒಂದೊಂದು ಪಾವತಿಯೂ ಬೇರೆ ಬೇರೆ ತುಂಡು. ನೀವು ಯಾರಿಗಾದರೂ ಕಳಿಸುವಾಗ ವಾಲೆಟ್ ನಿಮ್ಮನ್ನು ಕೇಳದೆ ನಿಮ್ಮ ಬೇರೆ ಬೇರೆ ವಿಳಾಸಗಳಿಗೆ ಬಂದ ನಾಲ್ಕಾರು ತುಂಡುಗಳನ್ನು ಒಟ್ಟು ಮಾಡಬಹುದು. ಅದರಲ್ಲಿ ಧೂಳಿನ ತುಂಡೂ ಸೇರಿತು ಅಂದುಕೊಳ್ಳಿ. ಬ್ಲಾಕ್‌ಚೈನ್ ಯಾರು ಬೇಕಾದರೂ ಓದಬಹುದಾದ ಖಾತೆ ಪುಸ್ತಕ. ಧೂಳು ಎರಚಿದವನು ಕಾದು ಕೂತಿರುತ್ತಾನೆ: ಓಹೋ, ಈ ವಿಳಾಸಗಳೆಲ್ಲ ಒಬ್ಬರವೇ! ಅದರಲ್ಲಿ ಒಂದನ್ನು ನೀವು ಹೆಸರಿನ ಸಮೇತ ಎಲ್ಲೋ ಹಂಚಿಕೊಂಡಿದ್ದರೆ ಉಳಿದವುಗಳಲ್ಲಿರುವ ದುಡ್ಡೂ ನಿಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ. ಇದೇನು ಹೊಸ ದೋಷವಲ್ಲ. ಹೀಗೆ ತುಂಡು ಸೇರಿಸಿದರೆ ಒಡೆತನ ಬಯಲಾಗುತ್ತದೆ ಎಂದು ಬಿಟ್‌ಕಾಯಿನ್‌ನ 2008ರ ಮೂಲ ಪ್ರಬಂಧವೇ ಒಪ್ಪಿಕೊಂಡಿದೆ.

ಪರಿಹಾರ ಸುಲಭ. ಎಲೆಕ್ಟ್ರಮ್, ಸ್ಪ್ಯಾರೋ ಥರದ ವಾಲೆಟ್‌ಗಳಲ್ಲಿ ಕಾಯಿನ್ ಕಂಟ್ರೋಲ್ ಇದೆ, ಅಂದರೆ ಯಾವ ತುಂಡು ಖರ್ಚಾಗಬೇಕು ಎಂದು ನೀವೇ ಆರಿಸಬಹುದು. ಧೂಳಿನ ತುಂಡನ್ನು ಹುಡುಕಿ ಫ್ರೀಜ್ ಮಾಡಿದರೆ ವಾಲೆಟ್ ಮತ್ತೆ ಅದನ್ನು ಮುಟ್ಟುವುದಿಲ್ಲ. ಪ್ರತಿ ಸಲ ಹೊಸ ವಿಳಾಸಕ್ಕೆ ದುಡ್ಡು ತರಿಸಿಕೊಳ್ಳುವುದೂ ಒಳ್ಳೆಯದು.

ಇದರ ತಮ್ಮನೊಬ್ಬ ಇದ್ದಾನೆ, ಅಡ್ರೆಸ್ ಪಾಯ್ಸನಿಂಗ್. ನನ್ನ ಮಟ್ಟಿಗೆ ಅಣ್ಣನಿಗಿಂತ ಇವನೇ ಜಾಸ್ತಿ ಅಪಾಯಕಾರಿ. ಈಥೀರಿಯಂ ಅನ್ನುವ ಇನ್ನೊಂದು ಕ್ರಿಪ್ಟೋ ಜಾಲದ ವಿಳಾಸದಲ್ಲಿ 42 ಅಕ್ಷರ. ವಾಲೆಟ್ ತೋರಿಸುವುದು ಸಾಮಾನ್ಯವಾಗಿ ಮೊದಲ ನಾಲ್ಕೈದು, ಕೊನೆಯ ನಾಲ್ಕೈದು, ನಡುವೆ ಮೂರು ಚುಕ್ಕಿ. ನೀವು ಆಗಾಗ ದುಡ್ಡು ಕಳಿಸುವ ವಿಳಾಸದ ತಲೆ, ಬಾಲ ಎರಡೂ ಹೊಂದುವಂಥ ವಿಳಾಸವನ್ನು ಕಳ್ಳ ತಯಾರಿಸುತ್ತಾನೆ. ಅಲ್ಲಿಂದ ಚೂರು ಧೂಳು ಕಳಿಸುತ್ತಾನೆ. ನಿಮ್ಮ ಹಿಸ್ಟರಿಯಲ್ಲಿ ಅದು ಮೇಲೆ ಕೂರುತ್ತದೆ. ಮುಂದಿನ ಸಲ ಅವಸರದಲ್ಲಿ ಅಲ್ಲಿಂದಲೇ ಕಾಪಿ ಮಾಡಿದರೆ ದುಡ್ಡು ನೇರ ಅವನ ಕೈಗೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಸುಮಾರು 1,155 ವ್ರ್ಯಾಪ್ಡ್ ಬಿಟ್‌ಕಾಯಿನ್ (ಈಥೀರಿಯಂನಲ್ಲಿ ಓಡಾಡುವ ಬಿಟ್‌ಕಾಯಿನ್ ಪ್ರತಿರೂಪ) ಕಳಿಸಿಬಿಟ್ಟರು. ಬಹುಪಾಲು ವಾಪಸ್ ಬಂತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಹಾಗಾಗಿ ಹಿಸ್ಟರಿಯಿಂದ ಕಾಪಿ ಮಾಡಲೇಬೇಡಿ. ವಿಳಾಸವನ್ನು ಅಡ್ರೆಸ್ ಬುಕ್‌ನಲ್ಲಿ ಉಳಿಸಿಕೊಳ್ಳಿ. ಕಳಿಸುವ ಮೊದಲು ಆ ಮೂರು ಚುಕ್ಕಿಯ ಹಿಂದೆ ಅಡಗಿರುವ ಅಕ್ಷರಗಳನ್ನೂ ಓದಿ ನೋಡಿ.