ಸ್ಟ್ರಾಟೆಜಿಕ್ ಏರ್‌ಲಿಫ್ಟ್ ಅಂದರೇನು?

ಸೈನಿಕರು, ಟ್ಯಾಂಕು, ಇಂಧನ, ದವಸ ಇವನ್ನೆಲ್ಲ ಬಹುದೂರದ ನೆಲೆಗೆ ವಿಮಾನದಲ್ಲೇ ಸಾಗಿಸುವುದು ಸ್ಟ್ರಾಟೆಜಿಕ್ ಏರ್‌ಲಿಫ್ಟ್. ಅಲ್ಲಿಂದ ಮುಂದೆ, ಕಾಳಗದ ಜಾಗದ ಹತ್ತಿರದ ಚಿಕ್ಕ ರನ್‌ವೇಗೆ ಒಯ್ಯುವುದು ಟ್ಯಾಕ್ಟಿಕಲ್ ಏರ್‌ಲಿಫ್ಟ್. ನಮ್ಮ ವಾಯುಪಡೆಯಲ್ಲಿ ಮೊದಲನೆಯದಕ್ಕೆ ಸಿ-17, ಎರಡನೆಯದಕ್ಕೆ ಎಎನ್-32 ಒಳ್ಳೆಯ ಉದಾಹರಣೆ.

ಇದರ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಒಂದು ನಡೆದಿದ್ದು ನಮ್ಮ ಅಸ್ಸಾಮಿನಿಂದ. 1942ರಲ್ಲಿ ಜಪಾನಿಯರು, ಚೀನಾಕ್ಕೆ ಸರಕು ಹೋಗುತ್ತಿದ್ದ ಬರ್ಮಾ ರಸ್ತೆಯನ್ನು ಕಡಿದುಹಾಕಿದರು. ಚಬುವಾದಂಥ ನೆಲೆಗಳಿಂದ ಹಿಮಾಲಯದ ಪೂರ್ವದ ಬೆಟ್ಟಗಳನ್ನು ದಾಟಿ ಚೀನಾದ ಕುನ್‌ಮಿಂಗ್‌ಗೆ ಸರಕು ಹೊರಬೇಕಾಯಿತು. ಪೈಲಟ್‌ಗಳು ಆ ದಾರಿಯನ್ನು 'ಹಂಪ್' ಅಂದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6.5 ಲಕ್ಷ ಟನ್ ದಾಟಿಸಿದ್ದರು. ನೂರಾರು ವಿಮಾನಗಳು ಆ ಬೆಟ್ಟಗಳ ಪಾಲಾದವು.

ಹಂಪ್‌ನಲ್ಲಿ ಪಳಗಿದ ಅಮೆರಿಕದ ಜನರಲ್ ವಿಲಿಯಂ ಟನ್ನರ್ 1948ರಲ್ಲಿ ಬರ್ಲಿನ್‌ಗೆ ಬಂದರು. ಸೋವಿಯತ್ ಪಡೆ ಪಶ್ಚಿಮ ಬರ್ಲಿನ್‌ನ ರಸ್ತೆ, ರೈಲು ಎಲ್ಲ ಮುಚ್ಚಿತ್ತು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನರಿಗೆ ಊಟ, ಕಲ್ಲಿದ್ದಲು ಎರಡೂ ಮೇಲಿನಿಂದಲೇ ಬರಬೇಕು. ಆಗಸ್ಟ್ 13ರಂದು ಮಳೆ, ಮೋಡ. ಬರ್ಲಿನ್ ಮೇಲೆ ಇಳಿಯಲಾಗದ ವಿಮಾನಗಳು ಒಂದರ ಮೇಲೊಂದು ಸುತ್ತು ಹೊಡೆಯುತ್ತಿದ್ದವು. ಅದರಲ್ಲೊಂದರಲ್ಲಿ ಟನ್ನರ್ ಅವರೇ ಇದ್ದರು. ಆಮೇಲೆ ಒಂದು ನಿಯಮ ಬಂತು: ಮೊದಲ ಸಲ ಇಳಿಯಲು ಆಗದಿದ್ದರೆ ಸರಕಿನ ಸಮೇತ ವಾಪಸ್ ಹೋಗಬೇಕು, ಇನ್ನೊಂದು ಸುತ್ತು ಇಲ್ಲ. ಇಳಿದ ಪೈಲಟ್ ವಿಮಾನ ಬಿಟ್ಟು ದೂರ ಹೋಗುವಂತಿಲ್ಲ; ತಿಂಡಿ, ಹವಾಮಾನದ ವರದಿ ವಿಮಾನದ ಬುಡಕ್ಕೇ ಬರುತ್ತಿತ್ತು. ಏರ್‌ಲಿಫ್ಟ್ ಒಂದು ಶಾಸ್ತ್ರವಾಗಿದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಒಂದು ವಿಮಾನ ಹೊರುವುದು ಹತ್ತೇ ಟನ್ ಆದರೂ, ಮೂರು ನಿಮಿಷಕ್ಕೊಂದು ಇಳಿದರೆ ಒಂದು ನಗರ ಬದುಕುತ್ತದೆ, ಅಲ್ವಾ? 1949ರ ಸೆಪ್ಟೆಂಬರ್‌ವರೆಗೆ ಸುಮಾರು 2.78 ಲಕ್ಷ ಹಾರಾಟ, 23 ಲಕ್ಷ ಟನ್. ಅದರಲ್ಲಿ ಮೂರನೇ ಎರಡು ಭಾಗ ಬರೀ ಕಲ್ಲಿದ್ದಲು!

ಇಷ್ಟೆಲ್ಲ ಇದ್ದರೂ ಕೊನೆಗೆ ಬೇಕಾಗುವುದು ನಮ್ಮವರ ಕೈಯಲ್ಲಿರುವ ಒಂದು ರನ್‌ವೇ. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಡಕೋಟಾಗಳಲ್ಲಿ ಹೊರಟ ಸಿಖ್ ರೆಜಿಮೆಂಟಿನ ಸೈನಿಕರು ಶ್ರೀನಗರದಲ್ಲಿ ಇಳಿಯಲು ಸಾಧ್ಯವಾಗಿದ್ದು, ಪಾಕಿಸ್ತಾನದ ಕಡೆಯಿಂದ ಕಾಶ್ಮೀರಕ್ಕೆ ನುಗ್ಗಿದ್ದ ದಾಳಿಕೋರರು ಅಲ್ಲಿಯ ವಿಮಾನ ನಿಲ್ದಾಣವನ್ನು ಇನ್ನೂ ಮುಟ್ಟಿರದ ಕಾರಣ. 1988ರ ನವೆಂಬರ್ 3ರ ರಾತ್ರಿ ಆಗ್ರಾದಿಂದ ಹಾರಿದ ಐಎಲ್-76ಗಳು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಎಲ್ಲೂ ನಿಲ್ಲದೆ ಕ್ರಮಿಸಿ ಮಾಲ್ಡೀವ್ಸ್‌ನ ಹುಲುಲೆಯಲ್ಲಿ ಇಳಿದಾಗಲೂ ಅಷ್ಟೇ. ದಂಗೆಕೋರರು ರಾಜಧಾನಿ ಮಾಲೆಗೆ ನುಗ್ಗಿದ್ದರು, ಆದರೆ ವಿಮಾನ ನಿಲ್ದಾಣವನ್ನು ಹಿಡಿದಿರಲಿಲ್ಲ.